ಪಂಜರದ ನಡುವೆ ಅರಿಶಿನದ ಕೊಂಬು

ಸಿಟ್ಟು ನನಗೆ ಮೂಗಿನ ತುದಿಯಲ್ಲಿ, ಕನಸು ಕಣ್ಣೆದುರಿಗೇ. ಎರಡೂ ಹುಟ್ಟುಗುಣ. ಎರಡನ್ನೂ ಬಿಡಿಸಲು ನೋಡಿ ಅಮ್ಮ ಸೋತು ಕೈಬಿಟ್ಟಿದ್ದಳು. ಘಾಟ್ಕೋಪರಿನಲ್ಲಿ ಲೋಕಲ್ ರೈಲು ಹತ್ತಿ, ಕುರ್ಲಾದಲ್ಲಿ ಹಾರ್ಬರ್ ಲೈನಿಗೆ ಬದಲಾಯಿಸಿ, ವಡಾಲದಲ್ಲಿ ಇಳಿಯಬೇಕಾದವಳು ಎಷ್ಟೋ ಸಲ ಕಣ್ಣು ಬಿಟ್ಟುಕೊಂಡೇ ಕೂತು ಮುಂದಿನ ಸ್ಟೇಷನ್ನಿಗೆ ಹೋಗಿಬಿಟ್ಟಿದ್ದೇನೆ. ವಡಾಲ ಬರುವ ಮುಂಚೆ ಆಗ ಉಪ್ಪಿನ ಗದ್ದೆಗಳು ಕಾಣುತ್ತಿದ್ದವು. ನಿಂತ ನೀರಿನ ಮೇಲೆ ಬೆಳಗಿನ ಬಿಸಿಲು ಹರಡಿಕೊಂಡು ನೀರು ಯಾವುದು, ಆಕಾಶ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಆ ಬೆಳಕಿನಲ್ಲಿ ನನಗೊಂದು ಚೆಂಡು ಕಾಣುತ್ತಿತ್ತು. ಗೋಡೆ ಮಾತ್ರ ಇರುವ, ಒಳಗೆ ಏನೂ ಇಲ್ಲದ ಚೆಂಡು. ಅದು ನಿಧಾನವಾಗಿ ತಿರುಗುತ್ತಿತ್ತು, ನಾನು ನೋಡುತ್ತಿದ್ದೆ, ಸ್ಟೇಷನ್ನು ಹೋಗಿಬಿಡುತ್ತಿತ್ತು.

ಅದೇನು ನಾನು ಸುಮ್ಮನೆ ಕಟ್ಟಿಕೊಂಡ ಚೆಂಡಲ್ಲ. ಎಂಬತ್ತರ ದಶಕದ ನಡುವೆ ಹೊರದೇಶದಲ್ಲಿ ಅದನ್ನು ಕಂಡುಹಿಡಿದಿದ್ದರು. ತೊಂಬತ್ತು ದಾಟುವ ಹೊತ್ತಿಗೆ ಮಸಿಯಿಂದ ಅದನ್ನು ಚಮಚದಲ್ಲಿ ಎತ್ತುವಷ್ಟು ತೆಗೆಯುವುದಕ್ಕೂ ಬರುತ್ತಿತ್ತು. ಅರವತ್ತು ಕಾರ್ಬನ್ ಪರಮಾಣುಗಳು ಫುಟ್ಬಾಲಿನ ಹೊಲಿಗೆಯ ಹಾಗೆ ಐದು ಮೂಲೆಯ ಉಂಗುರ, ಆರು ಮೂಲೆಯ ಉಂಗುರ ಸೇರಿಸಿಕೊಂಡು ಮುಚ್ಚಿಕೊಂಡ ಪಂಜರ ಅದು. ನಾನಾಗ ವಡಾಲ ಕಡೆಯ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದೆ. ಕೆಮಿಸ್ಟ್ರಿ ಅಂದರೆ ಗಾಜಿನ ಕೊಳವೆ, ಹೊಗೆ, ವಾಸನೆಯ ಕೆಮಿಸ್ಟ್ರಿ ಅಲ್ಲ. ಪೆನ್ಸಿಲ್ಲು ಮತ್ತು ಕಂಪ್ಯೂಟರಿನ ಕೆಮಿಸ್ಟ್ರಿ. "ನಮ್ಮ ಹುಡುಗಿ ಮಸಿ ವಿಷಯ ಓದ್ತಾಳೆ, ಆದರೆ ಒಂದು ದಿನವೂ ಕೈ ಕಪ್ಪಾಗಿದ್ದು ನೋಡ್ಲಿಲ್ಲ" ಎಂದು ಅಮ್ಮ ಬಿಲ್ಡಿಂಗಿನವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ನನ್ನ ಪ್ರಶ್ನೆ ಒಂದೇ. ಆ ಪಂಜರ ಆರೊಮ್ಯಾಟಿಕ್ಕೋ ಅಲ್ಲವೋ? ಹೆದರಬೇಡಿ, ಹೇಳುತ್ತೇನೆ. ಕೆಲವು ಅಣುಗಳು ಉಂಗುರದ ಆಕಾರದಲ್ಲಿರುತ್ತವೆ. ಅವುಗಳ ಕೆಲವು ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿನ ಸೊತ್ತೂ ಅಲ್ಲ. ಗುಂಡಗೆ ಕೂತ ಹೆಂಗಸರ ನಡುವೆ ಕುಂಕುಮದ ತಟ್ಟೆ ಕೈಯಿಂದ ಕೈಗೆ ಹೋಗುತ್ತದಲ್ಲ, ಯಾರೂ ಇಟ್ಟುಕೊಳ್ಳುವುದಿಲ್ಲ, ಹಾಗೆ ಸುತ್ತುತ್ತವೆ. ಅಂಥ ಅಣುವಿನ ಹತ್ತಿರ ಅಯಸ್ಕಾಂತ ತಂದರೆ ಆ ಸುತ್ತಾಟ ಒಂದು ಕರೆಂಟಾಗಿ ಹರಿಯುತ್ತದೆ. ಹಾಗೆ ಹಂಚಿಕೊಂಡು ಸುತ್ತುವುದರಿಂದಲೇ ಅಣುವಿಗೆ ಗಟ್ಟಿತನ, ನೆಮ್ಮದಿ. ಅದಕ್ಕೇ ಆರೊಮ್ಯಾಟಿಕ್ ಅನ್ನುವುದು. ನನಗೆ ತಿಳಿದ ಹಾಗೆ ರಸಾಯನಶಾಸ್ತ್ರದಲ್ಲಿ ಇಷ್ಟು ಸೊಗಸಾದ ವಿಚಾರ ಇನ್ನೊಂದಿಲ್ಲ.

ನನ್ನ ಗೈಡ್ ಮರಾಠಿಯವರು, ಬಿಳಿ ಶರ್ಟು ಬಿಟ್ಟು ಬೇರೆ ಹಾಕದವರು, ಒಳ್ಳೆಯವರು, ಮಹಾ ಹಟಮಾರಿ. ಆರೊಮ್ಯಾಟಿಕ್ ಅನ್ನುವುದು ಚಪ್ಪಟೆ ಉಂಗುರಗಳ ಮಾತು, ಟೊಳ್ಳು ಚೆಂಡಿಗೆ ಆ ಮಾತು ಹೊಂದುವುದಿಲ್ಲ ಎಂದು ಅವರ ಪಟ್ಟು. ನಾನು ಹೊಂದುತ್ತದೆ ಅನ್ನುತ್ತಿದ್ದೆ. ಬರೀ ಕಾರ್ಬನ್ ಪಂಜರಕ್ಕೆ ಹೊಂದದೆ ಹೋದರೂ, ಐದು ಮೂಲೆಯ ಒಂದೊಂದು ಉಂಗುರದಲ್ಲೂ ಒಂದು ಕಾರ್ಬನ್ ತೆಗೆದು ನೈಟ್ರೋಜನ್ ಕೂರಿಸಿದರೆ ಹೊಂದೀತು ಅನ್ನುತ್ತಿದ್ದೆ. ನೈಟ್ರೋಜನ್ ಬರುವಾಗ ಒಂದು ಎಲೆಕ್ಟ್ರಾನು ಹೆಚ್ಚಿಗೆ ತರುತ್ತದೆ, ಸುತ್ತಾಟದ ರೀತಿಯೇ ಬದಲಾಗುತ್ತದೆ. "ಸೆಮಿನಾರ್ ಕೊಡು" ಎಂದರು ಅವರು ಕೊನೆಗೆ. "ಅಲ್ಲಿ ಒಪ್ಪಿಸಿದರೆ ಮುಂದುವರಿ. ಇಲ್ಲದಿದ್ದರೆ ಈ ಚೆಂಡಾಟ ಬಿಟ್ಟುಬಿಡು."

ಬಿಟ್ಟರೆ ಎಲ್ಲಿಗೆ ಹೋಗುವುದು ಎನ್ನುವುದೂ ಗೊತ್ತಾಗಿಹೋಗಿತ್ತು. ಅಪ್ಪನ ಒತ್ತಾಯಕ್ಕೆ ಬರೆದ ಬ್ಯಾಂಕ್ ಆಫೀಸರ್ ಪರೀಕ್ಷೆ ಪಾಸಾಗಿ, ಇಂಟರ್‌ವ್ಯೂ ಮುಗಿದು, ಕೆಲಸವೂ ಸಿಕ್ಕಿತ್ತು. ಮುಂದಿನ ವಾರವೇ ಸೇರಬೇಕು, ಗೈಡ್‌ಗೂ ಅದು ಗೊತ್ತಿತ್ತು. ಬರೆಯುವಾಗ ಸುಮ್ಮನೆ ಬರೆದಿದ್ದೆ, ನನಗೇನು ಗೊತ್ತು ಅವರು ನನ್ನನ್ನೇ ಹಿಡಿದುಕೊಳ್ಳುತ್ತಾರೆಂದು!

ಅಪ್ಪ ಫೋರ್ಟ್ ಏರಿಯಾದ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಮೈಸೂರಿನಿಂದ ಬಂದಾಗ ಯಾವ ಕುರ್ಚಿಯೋ ಇನ್ನೂ ಅದೇ ಕುರ್ಚಿ. ಒಂದು ಕಾಲದಲ್ಲಿ ಅವರಿಗೂ ಆಫೀಸರ್ ಆಗುವ ಅವಕಾಶ ಬಂದಿತ್ತು. ಆದರೆ ಬಡ್ತಿಯ ಜೊತೆಗೆ ದೂರದ ಊರಿಗೆ ವರ್ಗ. ನನ್ನ ಸ್ಕೂಲು, ಅಮ್ಮನ ಉಬ್ಬಸ ಎರಡನ್ನೂ ಯೋಚಿಸಿ ಬೇಡವೆಂದರು. ಅವರ ಕೈಕೆಳಗೆ ಕೆಲಸ ಕಲಿತ ಹುಡುಗರು ಆಫೀಸರಾಗಿ ಬಂದು ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಮನೆಯಲ್ಲಿ ಅದರ ಮಾತು ಒಂದು ದಿನವೂ ಆಡಲಿಲ್ಲ. ನನಗೆ ಕೆಲಸ ಸಿಕ್ಕಿದ ದಿನ ಮಾತ್ರ ಬ್ರಾಂಚಿನವರಿಗೆಲ್ಲ ಪೇಡಾ ಹಂಚಿ, ನನ್ನನ್ನು ಫೋರ್ಟಿನ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿ, ಮಾಣಿಗೂ ಹೇಳಿದರು: "ನನ್ನ ಮಗಳು. ಆಫೀಸರ್." ನಾನು ಮಸಾಲೆ ದೋಸೆ ಪಕ್ಕಕ್ಕೆ ಸರಿಸಿ ನೀರು ಕುಡಿದೆ.

ಸೆಮಿನಾರಿಗೆ ಕೈಯಲ್ಲಿ ಹಿಡಿದು ತೋರಿಸಲು ಒಂದು ಪಂಜರ ಬೇಕಿತ್ತು. ಅಂಗಡಿಯಲ್ಲಿ ಅಂಥದ್ದು ಸಿಗುವ ಕಾಲವಲ್ಲ. ನಮ್ಮಮ್ಮನೋ ಮಣಿ ಕೆಲಸದವಳು. ಶೋಕೇಸಿನ ಗಿಳಿಯಿಂದ ಹಿಡಿದು ಟೀವಿಯ ಮೇಲಿನ ಹೊದಿಕೆಯವರೆಗೆ ನಮ್ಮ ಮನೆಯಲ್ಲಿ ಎಲ್ಲವೂ ಮಣಿಯೇ. ಅಪ್ಪನೇ ಆಫೀಸು ಬಿಟ್ಟು ಭುಲೇಶ್ವರದ ಪೇಟೆಗೆ ಹೋಗಿ ದಪ್ಪ ಕರಿಮಣಿ, ನೀಲಿ ಮಣಿ ತಂದರು, ಪಾಪ, ಯಾತಕ್ಕೆ ಎಂದೂ ಕೇಳದೆ. ಒಂದೊಂದು ಮಣಿ ಒಂದೊಂದು ಬಂಧ, ಮೂರು ಮಣಿ ಸೇರುವ ಕಡೆ ಒಂದು ಪರಮಾಣು, ಮೂರೂ ನೀಲಿಯಾದರೆ ಅಲ್ಲಿ ನೈಟ್ರೋಜನ್ ಎಂದು ಅಮ್ಮನಿಗೆ ಹೇಳಿಕೊಟ್ಟೆ. "ಐದು ಮಣಿ ಹೂವು, ಸುತ್ತ ಆರು ಮಣಿ ಹೂವು, ಅಷ್ಟೇ ತಾನೇ? ಇಷ್ಟಕ್ಕೆ ಪಿಎಚ್‌ಡಿ ಕೊಡ್ತಾರೇನೇ?" ಎಂದು ಛೇಡಿಸಿ ಕೂತಳು. ಅವಳ ನೈಲಾನ್ ದಾರದಲ್ಲಿ ಕರಿಮಣಿಗಳು ಒಂದೊಂದಾಗಿ ಬಾಗಿ, ಬಟ್ಟಲಾಗಿ, ಮೇಲೆದ್ದು ಬರುವುದನ್ನು ನಾನು ಕಿಟಕಿಯ ಹತ್ತಿರ ಕೂತು ನೋಡುತ್ತಿದ್ದೆ. ಹೊರಗೆ ಮಳೆ ಬಂದು ನಿಂತ ಸಂಜೆ, ಒಳಗೆ ಅಮ್ಮನ ಬಳೆಯ ಸದ್ದು. ಎಷ್ಟೋ ದಿನದಿಂದ ತಲೆಯೊಳಗೆ ತಿರುಗುತ್ತಿದ್ದ ವಸ್ತು ಅವಳ ಮಡಿಲಲ್ಲಿ ಬಂದು ಕೂತಿತ್ತು. ನನಗೆ ಕಣ್ಣು ತುಂಬಿ ಬಂತು.

ಚೆಂಡಿನ ಬಾಯಿ ಮುಚ್ಚುವ ಹೊತ್ತಿಗೆ ನಾನು ನಿದ್ದೆ ಹೋಗಿದ್ದೆ. ಬೆಳಿಗ್ಗೆ ಅಮ್ಮ ಅದನ್ನು ಒಗೆದ ಕರವಸ್ತ್ರದಲ್ಲಿ ಸುತ್ತಿ ಟಿಫಿನ್ ಚೀಲದಲ್ಲಿಟ್ಟಿದ್ದಳು. ಹಾಗೇ ಎತ್ತಿಕೊಂಡು ಓಡಿದೆ.

ಸೆಮಿನಾರು ಮಧ್ಯಾಹ್ನದ ಊಟ ಆದ ಮೇಲೆ. ಫ್ಯಾನು ತಿರುಗುತ್ತಿತ್ತು, ಅರ್ಧ ಜನ ತೂಕಡಿಸುತ್ತಿದ್ದರು. ನಾನು ಒಂದೊಂದು ಉಂಗುರದ ಕರೆಂಟಿನ ಲೆಕ್ಕ ಬರೆದು ತೋರಿಸಿದೆ. ಬರೀ ಕಾರ್ಬನ್ ಪಂಜರದಲ್ಲಿ ಆರು ಮೂಲೆಯವು ಒಂದು ಕಡೆಗೆ ಸುತ್ತಿದರೆ ಐದು ಮೂಲೆಯವು ಅದರ ವಿರುದ್ಧ ಸುತ್ತುತ್ತವೆ. ನೈಟ್ರೋಜನ್ ಕೂರಿಸಿದರೆ ಐದು ಮೂಲೆಯವು ಮನಸ್ಸು ಬದಲಾಯಿಸುತ್ತವೆ. "ಆಯಿತು, ಆದರೆ ಇಡೀ ಪಂಜರ ಏನು? ಆರೊಮ್ಯಾಟಿಕ್ಕೋ ಅಲ್ಲವೋ?" ಎಂದು ಗೈಡ್ ಕೇಳಿದರು. ನಾನು ಮತ್ತೆ ಉಂಗುರಗಳ ಲೆಕ್ಕವನ್ನೇ ಹೇಳಿದೆ. "ಒಂದೊಂದು ಕಿಟಕಿ ತೋರಿಸ್ತಿದ್ದೀಯ, ಮನೆ ಹೇಗಿದೆ ಅಂತ ಹೇಳ್ತಿಲ್ಲ" ಎಂದರು. ಹೊತ್ತು ಕಳೆಯಲೆಂದು ಅಮ್ಮನ ಚೆಂಡನ್ನು ಕರವಸ್ತ್ರದಿಂದ ತೆಗೆದು, ಸರಿಯಾಗಿ ನೋಡದೆಯೇ ಮುಂದಿನ ಸಾಲಿಗೆ ಕೊಟ್ಟೆ.

ಕೈಯಿಂದ ಕೈಗೆ ಹೋಯಿತು. ಹಿಡಿದವರೆಲ್ಲ ಆಮೇಲೆ ತಮ್ಮ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಯಾಕೋ ಎಂದುಕೊಂಡೆ. ಗೈಡ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬೆರಳನ್ನು ಶರ್ಟಿಗೆ ಒರೆಸಿಕೊಂಡರು. ಬಿಳಿ ಶರ್ಟಿನ ಮೇಲೆ ಢಾಳಾಗಿ ಹಳದಿ ಗೆರೆ.

"ಅರೇ ಬಾಬಾ! ಟೊಳ್ಳು ಅಂತ ಹೇಳಿದ್ದು ನೀನೇ ತಾನೇ? ಒಳಗೇನಿದು?"

ಹೋಗಿ ಇಣುಕಿದೆ. ಚೆಂಡಿನ ಸರಿಯಾದ ನಡುವಿನಲ್ಲಿ, ನಾಲ್ಕು ಕಡೆಯಿಂದ ನೈಲಾನ್ ದಾರ ಎಳೆದು ಕಟ್ಟಿ, ಮೇಲೆ ಅರಿಶಿನದ ಪುಡಿಯನ್ನೂ ಸವರಿದ ಒಂದು ಪುಟ್ಟ ಅರಿಶಿನದ ಕೊಂಬು ತೂಗುಬಿಟ್ಟಿದ್ದಳು ನಮ್ಮಮ್ಮ!

ನನಗೆ ತಕ್ಷಣ ಅರ್ಥವಾಯಿತು. ನಮ್ಮ ಮನೆಯಿಂದ ಯಾವ ಪಾತ್ರೆಯೂ ಬರಿದಾಗಿ ಹೊರಗೆ ಹೋಗುವುದಿಲ್ಲ. ಎದುರು ಮನೆಯ ಗುಜರಾತಿ ಆಂಟಿ ಢೋಕ್ಲಾ ಕಳಿಸಿದ ಡಬ್ಬಿ ವಾಪಸು ಹೋಗುವಾಗ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿರಬೇಕು, ಏನೂ ಇಲ್ಲದಿದ್ದರೆ ಎರಡು ಅಡಿಕೆಯಾದರೂ. ಬರಿದು ಕೊಟ್ಟರೆ ಕೊಟ್ಟವರಿಗೂ ಒಳ್ಳೆಯದಲ್ಲ, ತಗೊಂಡವರಿಗೂ ಒಳ್ಳೆಯದಲ್ಲ. ನನ್ನ ಕಾರ್ಬನ್ ನೈಟ್ರೋಜನ್ ಪಂಜರವೂ ಅಮ್ಮನ ಲೆಕ್ಕದಲ್ಲಿ ಒಂದು ಪಾತ್ರೆ. ಅದೂ ಮಗಳು ಶುಭಕಾರ್ಯಕ್ಕೆ ಒಯ್ಯುವ ಪಾತ್ರೆ. ತಳದಲ್ಲಿ ಬಿದ್ದುಕೊಂಡರೆ ಲಕ್ಷಣವಲ್ಲ ಎಂದು ನಡುವೆ ತೂಗಿಸಿದ್ದಾಳೆ. ಇದನ್ನು ಹೇಗಪ್ಪಾ ಹೇಳುವುದು? ಹೇಳಿದೆ. ಹಾಲ್‌ನಲ್ಲಿ ತೂಕಡಿಸುತ್ತಿದ್ದವರೂ ಎಚ್ಚರಾಗಿ ನಗತೊಡಗಿದರು. ಗೈಡ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು ಕೇಳಿದರು: "ಸರಿ ಮಗಳೇ, ನಿನ್ನ ಕರೆಂಟುಗಳೆಲ್ಲ ಸುತ್ತ ಗೋಡೆಯಲ್ಲಿ ಹರೀತಾವಲ್ಲ, ನಡುವೆ ತೂಗ್ತಾ ಇರೋ ಈ ಹಳದಿಗೆ ಏನಾದರೂ ಗೊತ್ತಾಗತ್ತಾ?"

ಮತ್ತೆ ನಗು. ನಾನು ಮಾತ್ರ ನಗಲಿಲ್ಲ. ಗೊತ್ತಾಗುತ್ತದೆಯೇ? ಗೋಡೆಯ ಒಂದೊಂದು ಉಂಗುರ ತನ್ನ ತನ್ನ ಕಾಂತಬಲವನ್ನು ಒಳಗೆ ಕಳಿಸುತ್ತದೆ. ಎಲ್ಲವೂ ಬಂದು ಸೇರುವುದು ನಡುವಿನಲ್ಲೇ. ಅಲ್ಲಿ ಕೂತವಳಿಗೆ ಕಿಟಕಿಗಳ ಲೆಕ್ಕ ಬೇಡ, ಮನೆ ಹೇಗಿದೆ ಎಂದು ಕೂತಲ್ಲೇ ಗೊತ್ತಾಗುತ್ತದೆ. ಹಾಗಾದರೆ ನಾನು ಇಷ್ಟು ದಿನ ಗೋಡೆಯ ಹೊರಗೆ ನಿಂತುಕೊಂಡು ಏನು ಮಾಡುತ್ತಿದ್ದೆ?

"ಗೊತ್ತಿಲ್ಲ ಸರ್. ಲೆಕ್ಕ ಹಾಕಿಲ್ಲ" ಎಂದೆ.

ಗೈಡ್ ನಗು ನಿಲ್ಲಿಸಿದರು. ತಮಾಷೆಗೆ ಕೇಳಿದ ಪ್ರಶ್ನೆ ತಮಾಷೆಯದಲ್ಲ ಎಂದು ಅವರಿಗೂ ಹೊಳೆದಿತ್ತು. ಚೆಂಡನ್ನು ಇನ್ನೊಂದು ಸಲ ಬೆಳಕಿಗೆ ಹಿಡಿದು ನೋಡಿದರು. "ಎರಡೂ ಪಂಜರಕ್ಕೆ ಲೆಕ್ಕ ಹಾಕು. ಬ್ಯಾಂಕಿಗೆ ಸೇರೋ ದಿನಕ್ಕೆ ಮುಂಚೆ ಮುಗಿಸು. ನಡುವೆ ಏನೂ ಇಲ್ಲ ಅಂತ ಬಂದರೆ ಸುಮ್ಮನೆ ಆ ಕೆಲಸಕ್ಕೆ ಹೋಗು" ಎಂದರು.

ಮನೆಗೆ ಬಂದವಳೇ ಅಮ್ಮನ ಮೇಲೆ ಹರಿಹಾಯ್ದೆ. "ಅಷ್ಟು ಜನದ ಮುಂದೆ ಮಾನ ಹೋಯ್ತು! ಟೊಳ್ಳು ಅಂದ್ರೆ ಟೊಳ್ಳು ಕಣಮ್ಮ, ಅದರಲ್ಲಿ ಏನೂ ಇರಬಾರದು!" ಈಗ ಯೋಚಿಸಿದರೂ ಆ ಸಿಟ್ಟು ನ್ಯಾಯವಾದದ್ದೇ. ಅಮ್ಮ ಬೇಳೆ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಬರಿದು ಕಳಿಸಕ್ಕೆ ಮನಸ್ಸು ಬರ್ಲಿಲ್ಲ ಕಣೇ. ನೀನು ಅಲ್ಲಿ ಒಬ್ಬಳೇ ನಿಂತಿರ್ತೀಯ" ಎಂದಳು. ಬೇಳೆಯಲ್ಲಿ ಸಿಕ್ಕ ಕಲ್ಲೊಂದನ್ನು ಆಚೆ ಎಸೆದು, "ಎಲ್ಲರ ಕೈಯೂ ಹಳದಿ ಆಯ್ತಾ? ಒಳ್ಳೇದೇ ಬಿಡು" ಎಂದು ಸೇರಿಸಿದಳು. ಇವಳ ಹತ್ತಿರ ಜಗಳ ಆಡುವುದು ಹೇಗೆ, ನೀವೇ ಹೇಳಿ.

ಆ ವಾರ ನಾನು ಲೋಕಲ್‌ನಲ್ಲಿದ್ದೆನೋ ಪಂಜರದಲ್ಲಿದ್ದೆನೋ ಗೊತ್ತಿಲ್ಲ. ಲೇಡೀಸ್ ಡಬ್ಬಿಯಲ್ಲಿ ನಾಲ್ಕು ಕಡೆಯಿಂದಲೂ ಒತ್ತುವ ಹೆಂಗಸರ ನಡುವೆ ನಿಂತು ಕಣ್ಣು ಮುಚ್ಚುತ್ತಿದ್ದೆ. ಗದ್ದಲ ದೂರ ಸರಿಯುತ್ತಿತ್ತು. ಸುತ್ತ ಕರಿಯ ಗೋಡೆ, ಅದರ ತುಂಬ ಕಿಟಕಿ, ಕಿಟಕಿಯ ಅಂಚಿನಲ್ಲಿ ನೀರಿನ ಹಾಗೆ ಏನೋ ಹರಿಯುವ ಸದ್ದು. ಕೆಲವು ಬಲಕ್ಕೆ, ಕೆಲವು ಎಡಕ್ಕೆ. ನಾನು ನಡುವೆ ತೂಗುತ್ತಾ ಕಿವಿಗೊಟ್ಟು ಕೂತಿದ್ದೇನೆ. "ಉತರ್‌ನಾ ಹೈ ಕ್ಯಾ?" ಎಂದು ಹಿಂದಿನವಳು ತಿವಿದಾಗ ಇಳಿಯುತ್ತಿದ್ದೆ. ಅದೇನು ಸುಖವೋ! ಅಂಥ ನಿಚ್ಚಳವಾದ ಸುಖ ಆಮೇಲೆ ನನಗೆ ಹೆಚ್ಚು ಸಲ ಸಿಕ್ಕಿಲ್ಲ.

ಕಂಪ್ಯೂಟರ್ ಕೋಣೆಗೆ ನಾವೆಲ್ಲ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು, ಧೂಳು ಹೋಗದಿರಲಿ ಎಂದು. ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಡೆದು ನನ್ನ ಸರದಿಯ ಟರ್ಮಿನಲ್ಲಿನ ಮುಂದೆ ಕೂರುತ್ತಿದ್ದೆ. ಪ್ರೋಗ್ರಾಮಿಗೆ ಸೇರಿಸಬೇಕಾದ್ದು ಕೆಲವೇ ಸಾಲು. ಎಲ್ಲ ಉಂಗುರಗಳ ಕಾಂತಬಲವನ್ನೂ ನಡುವಿನ ಒಂದು ಬಿಂದುವಿಗೆ ತಂದು ಕೂಡಿಸಬೇಕು. ಮೊದಲು ಕಾರ್ಬನ್ ಪಂಜರ ಹಾಕಿದೆ. ಪ್ರಿಂಟರು ಕರಕರ ಎಂದು ಅಗಲ ಕಾಗದ ಉಗುಳಿತು. ನಡುವಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಆರು ಮೂಲೆಯವು ಕೊಟ್ಟದ್ದನ್ನೆಲ್ಲ ಐದು ಮೂಲೆಯವು ಕಿತ್ತುಕೊಂಡಿದ್ದವು. ಗೈಡ್ ಹೇಳಿದ್ದೇ ಸರಿ. ಬ್ಯಾಂಕಿನ ಕೌಂಟರು, ಅಪ್ಪನ ಮುಖ, ಉಡುಪಿ ಹೋಟೆಲಿನ ಮಾಣಿ, ಎಲ್ಲ ಕಣ್ಣ ಮುಂದೆ ಬಂದವು.

ನೈಟ್ರೋಜನ್ ಪಂಜರದ ಸರದಿ ಶುಕ್ರವಾರ ಸಿಕ್ಕಿತು. ಕಾಗದ ಹರಿದು ಕೈಗೆ ತೆಗೆದುಕೊಂಡಾಗ ತಪ್ಪು ಸಾಲು ನೋಡುತ್ತಿದ್ದೇನೆ ಎಂದುಕೊಂಡೆ. ಬೆರಳಿಟ್ಟು ಇನ್ನೊಮ್ಮೆ ನೋಡಿದೆ. ಉಂಗುರಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು. ನಡುವಿನ ಬಿಂದುವಿಗೆ ಎಲ್ಲ ದಿಕ್ಕಿನಿಂದ ಬಂದು ಸೇರಿದ್ದು ಸಣ್ಣಪುಟ್ಟದ್ದಲ್ಲ, ಹೇರಳ. ಬರಿಗಾಲಲ್ಲೇ ಗೈಡ್ ಕೋಣೆಗೆ ಓಡಿದೆ. ಅವರು ಕಾಗದ ನೋಡಿ, "ಚಿಹ್ನೆ ತಪ್ಪಿರಬೇಕು" ಎಂದರು. ಪೆನ್ಸಿಲ್ ತಗೊಂಡು ಒಂದು ಉಂಗುರದ ಲೆಕ್ಕವನ್ನು ತಾವೇ ಕೈಯಲ್ಲಿ ಮಾಡಿದರು. ಇನ್ನೊಂದು ಮಾಡಿದರು. ಪೆನ್ಸಿಲ್ ಕೆಳಗಿಟ್ಟರು.

"ಕಾರ್ಬನ್ನಿಗೆ ನಾನು ಸರಿ. ಇದಕ್ಕೆ ನಾನು ತಪ್ಪು. ಇದು ಆರೊಮ್ಯಾಟಿಕ್. ಒಳಗೂ ಹೊರಗೂ ಆರೊಮ್ಯಾಟಿಕ್. ಇಲ್ಲೇ ಇರು, ಎಲ್ಲೂ ಹೋಗಬೇಡ." ಆಮೇಲೆ, "ಚಪ್ಪಲಿ ಹಾಕ್ಕೋ ಹೋಗು" ಎಂದರು.

ಕುರ್ಲಾದಲ್ಲಿ ಲೋಕಲ್ ಬದಲಾಯಿಸುವಾಗ ನನ್ನಷ್ಟಕ್ಕೆ ನಗುತ್ತಿದ್ದೆನಂತೆ, ನಮ್ಮ ಬಿಲ್ಡಿಂಗಿನವರು ಯಾರೋ ನೋಡಿ ಅಮ್ಮನಿಗೆ ಹೇಳಿದ್ದರು. ಘಾಟ್ಕೋಪರ್ ಹತ್ತಿರ ಬಂದ ಹಾಗೆ ನಗು ಇಳಿಯಿತು. ಅಪ್ಪ ಆಗಲೇ ಬಂದು ಮನೆಯ ಮುಂದಿನ ಗ್ಯಾಲರಿಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಕಾಲಿನ ಹತ್ತಿರ ಬಾಟಾ ಡಬ್ಬಿಯಲ್ಲಿ ನನಗೆ ಹೊಸ ಚಪ್ಪಲಿ, ಆಫೀಸಿಗೆ ಹಾಕಿಕೊಂಡು ಹೋಗಲೆಂದು ತಂದದ್ದು. ಅದನ್ನು ನೋಡಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಆದರೂ ಅಲ್ಲೇ ನೆಲದ ಮೇಲೆ ಕೂತು ಹೇಳಿದೆ. ಪಂಜರ, ನಡುವಿನ ಬಿಂದು, ಗೈಡ್ ಅಂದದ್ದು, ಎಲ್ಲ. ಬ್ಯಾಂಕಿಗೆ ಹೋಗುವುದಿಲ್ಲ ಎಂದೆ.

ಅಪ್ಪ ಲೋಟ ಕೆಳಗಿಟ್ಟರು. ಅಮ್ಮ ಅಡುಗೆಮನೆಯಲ್ಲಿ ಒಲೆ ಆರಿಸಿದ್ದು ಕೇಳಿಸಿತು.

"ಅದು ಈಗ ಎಲ್ಲಿದೆ?"

"ಯಾವುದಪ್ಪ?"

"ನೀನು ಹೇಳಿದ್ದು. ನೈಟ್ರೋಜನ್ ಇರೋ ಪಂಜರ."

"ಎಲ್ಲೂ ಇಲ್ಲ. ಅದನ್ನ ಇನ್ನೂ ಯಾರೂ ಮಾಡಿಲ್ಲ."

"ಮಾಡಕ್ಕಾಗತ್ತಾ?"

"ಗೊತ್ತಿಲ್ಲಪ್ಪ."

"ಅಂದ್ರೆ ಇರೋ ಕೆಲಸ ಬಿಟ್ಟು ಇಲ್ಲದೇ ಇರೋದಕ್ಕೆ ಹೋಗ್ತೀನಿ ಅಂತೀಯ."

"ಹೂಂ ಅಪ್ಪ."

ಬೈದಿದ್ದರೆ ಚೆನ್ನಾಗಿತ್ತು. ನನಗೆ ಬೈಗುಳಕ್ಕೆ ಉತ್ತರ ಕೊಡುವುದು ಬರುತ್ತದೆ. ಅವರು ಬೈಯಲಿಲ್ಲ. ಎದ್ದು ಗ್ಯಾಲರಿಯ ಸರಳು ಹಿಡಿದು ನಿಂತರು. ಕೆಳಗೆ ಬಿಲ್ಡಿಂಗಿನ ಅಂಗಳದಲ್ಲಿ ದೀಪಗಳು ಹೊತ್ತಿಕೊಂಡವು, ಸ್ಟೇಷನ್ ಕಡೆಯಿಂದ ಒಂದು ಲೋಕಲ್ ಹೋದ ಸದ್ದು ಬಂತು, ಇನ್ನೊಂದು ಬಂತು. ಅವರ ಬೆನ್ನು ನೋಡುತ್ತಾ ಕೂತಿದ್ದ ನನಗೆ ಅಳು ಬಂತು. ಬಿಟ್ಟುಬಿಡುತ್ತೇನೆ ಅಪ್ಪ, ಬ್ಯಾಂಕಿಗೇ ಹೋಗುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ.

"ಆಯ್ತು ಕಂದ, ಹೋಗಬೇಡ" ಎಂದರು ಅಪ್ಪ, ತಿರುಗದೆಯೇ. "ಆದರೆ ಬ್ಯಾಂಕಿನವರಿಗೆ ನಾಳೆ ಹೇಳಬೇಡ. ಸೋಮವಾರ ಹೇಳು."

"ಯಾಕಪ್ಪ?"

"ನಾಳೆ ಶನಿವಾರ. ಅರ್ಧ ದಿನ ಆಫೀಸಿದೆ. ಅರ್ಧ ದಿನ ಆಫೀಸರ್ ಮಗಳ ಅಪ್ಪ ಆಗಿ ಹೋಗಿಬರ್ತೀನಿ."

ಮರುದಿನ ಬೆಳಿಗ್ಗೆ ಅಪ್ಪ ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಶರ್ಟು ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿ, ಯಾವಾಗಿನ ಲೋಕಲ್‌ಗಿಂತ ಮುಂಚಿನ ಲೋಕಲ್ ಹಿಡಿಯಲು ಹೊರಟರು.